ನಲವತ್ತೇಳನೆಯ ಗುಳಿ

ನಲವತ್ತಾರನೆಯ ಗುಳಿಯೂ ನೀಲಿಯಾಯಿತು.

ಅದು ಅವನದೇ ರಕ್ತ. ಇಲ್ಗಿಜ್ ಕುರ್ಚಿಯಿಂದ ಅರ್ಧ ಎದ್ದು ನೋಡಿದ. ಪರೀಕ್ಷೆಯ ಪ್ಲಾಸ್ಟಿಕ್ ತಟ್ಟೆಯ ಗುಳಿಗಳಲ್ಲಿ ಮೊದಲೇ ತುಂಬಿಟ್ಟ ದ್ರಾವಣ ನೇರಳೆ ಬಣ್ಣದ್ದು. ರಕ್ತದ ತಿಳಿ ಒಂದು ಹನಿ ಬಿದ್ದರೆ ಸಾಕು, ನೀಲಿಗೆ ತಿರುಗುತ್ತದೆ. ಹನಿ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಮುಂದೆ ಯಾರಿಗೂ ಬರಬಾರದೆಂದು ಕಿಟ್ ತಯಾರಿಸಿದವರು ಮಾಡಿದ ಏರ್ಪಾಡು. ಮನುಷ್ಯನ ಕೈಯನ್ನು ಅಷ್ಟಾಗಿ ನಂಬದ ಯಾರೋ ಕೂತು ಯೋಚಿಸಿರಬೇಕು.

"ಇನ್ನೊಂದೇ ಒಂದು," ಎಂದಳು ಬರ್ಚಿನ್. ಪ್ರಯೋಗಾಲಯದಲ್ಲಿ ಅವನ ಕೈಕೆಳಗೆ ಕೆಲಸ ಮಾಡುವವಳು. ವಯಸ್ಸು ಇಪ್ಪತ್ತಾರು, ಕೈ ಮಾತ್ರ ಮೂವತ್ತು ವರ್ಷ ಪಳಗಿದ್ದು. "ಎರ್ಗೆಶಣ್ಣಂದು. ನೀವೇ ಹಾಕ್ತೀರಾ ಅಣ್ಣಾ?"

"ಯಾಕೆ?"

"ಏನೋಪ್ಪ. ಸತ್ತೋರ ರಕ್ತ."

"ತೆಗೆದಾಗ ಬದುಕೇ ಇದ್ದ. ನೀನೇ ಹಾಕು."

ಬರ್ಚಿನ್ ನಳಿಕೆಯನ್ನು ಓರೆ ಮಾಡಿ ತಳದಲ್ಲಿದ್ದದ್ದನ್ನು ಪೂರ್ತಿ ಎಳೆದುಕೊಂಡಳು. ಜುಲೈಯಲ್ಲಿ ಬೇರೇನೋ ಪರೀಕ್ಷೆಗೆಂದು ತೆಗೆದು, ಮಿಕ್ಕಿದ್ದು ಫ್ರೀಜರಿನ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದುಕೊಂಡಿತ್ತು. ಹನಿ ಬಿತ್ತು. ನಲವತ್ತೇಳನೆಯ ಗುಳಿ ಒಂದು ಗಳಿಗೆ ತಡೆದು ನೀಲಿಯಾಯಿತು. ನಲವತ್ತೆಂಟನೆಯದಕ್ಕೆ ಕಿಟ್ಟಿನ ಜೊತೆಯಲ್ಲೇ ಬಂದಿದ್ದ, ಕಾಯಿಲೆ ಕಾಣದ ಯಾರದೋ ರಕ್ತ. ಹೋಲಿಸಿ ನೋಡುವುದಕ್ಕೆ.

"ಮುಗೀತು," ಎಂದು ಬರ್ಚಿನ್ ಖಾಲಿ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಎರ್ಗೆಶಣ್ಣನ ರಕ್ತ ಇನ್ನು ಭೂಮಿ ಮೇಲೆ ಎಲ್ಲೂ ಇಲ್ಲ."

ಇಲ್ಗಿಜ್ ತಟ್ಟೆಯನ್ನು ಶಾಖದ ಪೆಟ್ಟಿಗೆಯೊಳಗಿಟ್ಟು ಗಂಟೆ ಬರೆದುಕೊಂಡ. ಒಂಬತ್ತೂ ಇಪ್ಪತ್ತು.

ಪರೀಕ್ಷೆ ಆಸ್ಪತ್ರೆಯ ಎಲ್ಲರಿಗೂ ಅಲ್ಲ. ಜುಲೈಯಲ್ಲಿ ಕೆಂಪು ವಲಯದೊಳಗೆ, ಎಂದರೆ ಸೋಂಕಿನ ರೋಗಿಗಳ ವಾರ್ಡಿನಲ್ಲಿ, ದುಡಿದವರಿಗೆ, ಇಲ್ಲವೇ ಜ್ವರವೆಂದು ರಜೆ ಹಾಕಿದವರಿಗೆ. ಆಗ ಮೂಗಿನ ದ್ರವ ರಾಜಧಾನಿ ಬಿಷ್ಕೇಕಿಗೆ ಹೋಗಿ ಉತ್ತರ ಬರುವಷ್ಟರಲ್ಲಿ ರೋಗಿ ಎದ್ದು ಕೂತು ಸೂಪು ಕುಡಿಯುತ್ತಿದ್ದ, ಇಲ್ಲವೇ ಗುಡ್ಡದ ಮೇಲೆ ಮಣ್ಣಾಗಿರುತ್ತಿದ್ದ. ಈಗ ಆಗಸ್ಟಿನ ಕೊನೆಯಲ್ಲಿ ಸರ್ಕಾರಕ್ಕೆ ಯಾರಿಗೆ ನಿಜವಾಗಿ ಬಂದಿತ್ತು, ಯಾರಿಗೆ ಇಲ್ಲ ಎಂದು ತಿಳಿಯುವ ಆಸೆಯಾಗಿದೆ. ಅರ್ಧ ತಟ್ಟೆ ಕಳಿಸಿದ್ದಾರೆ. ಉಳಿದರ್ಧ ಕಣಿವೆಯಾಚೆಯ ಆಸ್ಪತ್ರೆಗೆ ಹೋಗಿದೆ. ಬಂದು ಹೋದವರ ರಕ್ತದಲ್ಲಿ ಪ್ರತಿಕಾಯ ಇರುತ್ತದೆ, ನೀಲಿಯನ್ನು ತೊಳೆದು ಕೊನೆಯಲ್ಲಿ ಆಮ್ಲ ಹಾಕಿದಾಗ ಅವರ ಗುಳಿ ಹಳದಿಯಾಗುತ್ತದೆ. ಬರದೇ ಇದ್ದವರದು ನೀರಿನಂತೆ ಬಣ್ಣವಿಲ್ಲದೆ ಉಳಿಯುತ್ತದೆ.

ರಜೆ ಹಾಕಿದವರ ಗುಂಪಿನಲ್ಲಿ ಇಲ್ಗಿಜ್ ಒಬ್ಬನೇ ಇದ್ದ. ಉಳಿದ ನಲವತ್ತೈದು ಜನ ಒಳಗೆ ದುಡಿದು, ಒಳಗೇ ಮಲಗಿ, ಎದ್ದವರು.

ಹತ್ತು ಗಂಟೆಗೆ ಸೈಕಾಲ್ ಬಂದಳು. ಹೆಡ್ ನರ್ಸ್. ಬಾಗಿಲು ತಟ್ಟುವ ಅಭ್ಯಾಸ ಅವಳಿಗಿಲ್ಲ.

"ಆಯ್ತಾ ಅಡುಗೆ?"

"ಹನ್ನೊಂದೂವರೆ," ಎಂದ ಇಲ್ಗಿಜ್.

"ನನ್ನದನ್ನ ನೋಡೋದೇ ಬೇಡ, ಹಾಗೇ ಬರ್ಕೊಳ್ಳಿ. ಎರಡು ಸಲ ಮಲಗಿ ಎದ್ದೆ. ಈ ಮೂಗಿಗೆ ಇವತ್ತಿಗೂ ಈರುಳ್ಳಿ ಗೊತ್ತಿಲ್ಲ, ನನ್ನ ಗಂಡನ ಕಾಲುಚೀಲವೂ ಗೊತ್ತಿಲ್ಲ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು." ಬರ್ಚಿನ್ ನಕ್ಕಳು. ಸೈಕಾಲ್ ಅವನ ಕಡೆ ತಿರುಗಿದಳು. "ನಿಮ್ಮದೂ ಇದೆಯಾ ಡಾಕ್ಟ್ರೇ ಇದರಲ್ಲಿ?"

"ಇದೆ."

"ನಿಮಗೆ ಮೂಗು ಹೋಗಿತ್ತಾ?"

"ಸ್ವಲ್ಪ."

"ಸ್ವಲ್ಪ ಹೆಂಗೆ ಹೋಗುತ್ತೆ?" ಎಂದಳು ಸೈಕಾಲ್. ಅವಳ ದನಿಯಲ್ಲಿ ಏನೂ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಇಲ್ಗಿಜ್‌ನ ಕೈ ಮೂಗಿನ ಮೇಲಿನ ಮಾಸ್ಕಿಗೆ ಹೋಯಿತು.

"ಮಧ್ಯಾಹ್ನ ಒಂದಕ್ಕೆ ಎರ್ಗೆಶಣ್ಣನ ನಲವತ್ತನೇ ದಿನದ ಊಟ," ಎಂದಳು ಸೈಕಾಲ್ ಹೊರಡುತ್ತ. "ಜನ ಸೇರಬಾರದು ಅಂತ ಆರ್ಡರ್ ಇದೆ. ಅದಕ್ಕೆ ಬುರುಲಕ್ಕ ಬರೀ ಐವತ್ತು ಜನಕ್ಕೆ ಹೇಳಿದಾಳೆ. ಹೋಗುವಾಗ ಅಣ್ಣನ ಕಾಗದ ಕೈಯಲ್ಲಿ ಹಿಡ್ಕೊಂಡೇ ಹೋಗೋಣ. ಆ ಹೆಂಗಸು ಅದನ್ನೇ ಕಾಯ್ತಾ ಇದಾಳೆ."

ಎರ್ಗೆಶನ ಹೆಂಡತಿ ಬುರುಲ್ ಕಾಯುತ್ತಿದ್ದುದು ಒಂದು ಸಾಲಿಗೆ. ಸ್ವಾತಂತ್ರ್ಯ ದಿನದಂದು ಆಸ್ಪತ್ರೆಯ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸುತ್ತಾರೆ. ಈ ಕಾಯಿಲೆ ಹಿಡಿದು ಸತ್ತ ಸಿಬ್ಬಂದಿಯ ಹೆಸರು ಅದರ ಮೇಲೆ. ಎರಡು ಹೆಸರು ಕಮಿಟಿಯಲ್ಲಿ ಒಪ್ಪಿಗೆಯಾಗಿದೆ. ಎರ್ಗೆಶನದು ಆಗಿಲ್ಲ. ಅವನ ಮೂಗಿನ ದ್ರವದ ನಳಿಕೆ ಬಿಷ್ಕೇಕಿನ ದಾರಿಯಲ್ಲಿ ಎಲ್ಲೋ ಕಳೆದುಹೋಗಿ, ಮರಣಪತ್ರದಲ್ಲಿ ಬರೀ 'ನ್ಯುಮೋನಿಯಾ' ಎಂದು ಬಿದ್ದಿತ್ತು. ನ್ಯುಮೋನಿಯಾ ಎಂದರೆ ಊರಿಗೆ ಬೇರೆಯೇ ಅರ್ಥ. ಮುದುಕ ಬೆವರಿನ ಮೈಯಲ್ಲಿ ತಣ್ಣನೆಯ ಕುದುರೆ ಹಾಲು ಕುಡಿದು ಎದೆ ಕಟ್ಟಿಸಿಕೊಂಡ ಎಂದು ಸಂತೆಯಲ್ಲಿ ಹೆಂಗಸರು ಮಾತಾಡಿಕೊಂಡದ್ದು ಬುರುಲ್ ಕಿವಿಗೆ ಬಿದ್ದಿತ್ತು. ಅವಳು ಮೂರು ಸಲ ಆಸ್ಪತ್ರೆಗೆ ಬಂದಳು. ಫ್ರೀಜರಿನಲ್ಲಿ ಹಳೆಯ ರಕ್ತ ಇದ್ದರೂ ಇರಬಹುದು ಎಂದು ನೆನಪಿಸಿದವಳೂ ಅವಳೇ.

ಎರ್ಗೆಶ್ ಎಕ್ಸರೇ ಡಾಕ್ಟರು. ಅರವತ್ತೆರಡು ವರ್ಷ. ಅರವತ್ತು ದಾಟಿದವರನ್ನು ಕೆಂಪು ವಲಯಕ್ಕೆ ಬಿಡಬಾರದೆಂಬ ನಿಯಮವಿತ್ತು. ಜುಲೈಯಲ್ಲಿ ನಿಯಮಗಳು ಬೇಕಾದಷ್ಟಿದ್ದವು, ಜನ ಇರಲಿಲ್ಲ. ಚರ್ಮದ ಡಾಕ್ಟರು, ಹಲ್ಲಿನ ಡಾಕ್ಟರು, ಪ್ರಯೋಗಾಲಯದ ಡಾಕ್ಟರು, ಎಲ್ಲರಿಗೂ ಪಾಳಿ ಬಿತ್ತು. ಒಳಗೆ ಹೋದರೆ ಏಳು ದಿನ ಹೊರಗೆ ಬರುವಂತಿಲ್ಲ. ಇಲ್ಗಿಜ್‌ನ ಪಾಳಿ ಬುಧವಾರ ಬೆಳಿಗ್ಗೆ ಎಂಟಕ್ಕೆ.

ಆ ಬುಧವಾರವನ್ನು ಅವನು ನಲವತ್ತು ದಿನಕ್ಕೂ ಮಿಗಿಲಾಗಿ ಮಗುಚಿ ಹಾಕಿ ನೋಡಿದ್ದಾನೆ. ಹೆಂಡತಿ, ಮಗಳು ಮೇಲಿನ ಹುಲ್ಲುಗಾವಲಿನಲ್ಲಿದ್ದ ಮಾವನ ಡೇರೆಗೆ ಹೋಗಿದ್ದರು. ಐದೂವರೆಗೆ ಎಚ್ಚರವಾಯಿತು. ಗಂಟಲು ಕೆರೆಯುತ್ತಿತ್ತು. ಮೈ ಬಿಸಿ ಇತ್ತು, ಇಲ್ಲವೇ ಹಾಗೆ ಅನ್ನಿಸಿತು. ಕಪಾಟಿನಿಂದ ಪಾದರಸದ ಥರ್ಮಾಮೀಟರ್ ತೆಗೆದು ಕಂಕುಳಲ್ಲಿಟ್ಟುಕೊಂಡ. ಹತ್ತು ನಿಮಿಷ. ಮೂವತ್ತೇಳು ಪಾಯಿಂಟ್ ನಾಲ್ಕು.

ಇಡುವ ಮೊದಲು ಅದನ್ನು ಜಾಡಿಸಿದೆನೇ? ಇಷ್ಟೇ ಪ್ರಶ್ನೆ. ಜಾಡಿಸದಿದ್ದರೆ ಅದು ಚಳಿಗಾಲದಲ್ಲಿ ಮಗಳಿಗೆ ಬಂದಿದ್ದ ಜ್ವರ. ಡಾಕ್ಟರಾದವನು ಜಾಡಿಸದೆ ಇಡುತ್ತಾನೆಯೇ? ಇಡುವುದಿಲ್ಲ. ಆದರೆ ಕೈ ಜಾಡಿಸಿದ ನೆನಪು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಎರಡನೆಯ ಸಲ ಇಟ್ಟು ನೋಡಲಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ದೊಡ್ಡ ಡಾಕ್ಟರಿಗೆ ಫೋನ್ ಮಾಡಿದ. ಮಾತಿನ ನಡುವೆ ಎರಡು ಸಲ ಕೆಮ್ಮಿದ. ಮೊದಲನೆಯ ಕೆಮ್ಮು ತಾನಾಗಿ ಬಂದದ್ದು. ಹದಿನಾಲ್ಕು ದಿನ ಮನೆಯಿಂದ ಆಚೆ ಬರಬೇಡ ಎಂದರು. ಫೋನ್ ಇಟ್ಟಾಗ ಮೈ ಹಗುರವಾಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಆಮೇಲೆ ಮೂರು ಮೊಟ್ಟೆ ಒಡೆದು ಹುರಿದುಕೊಂಡು ತಿಂದದ್ದೂ ನೆನಪಿದೆ. ಜ್ವರ ಬಂದವನಿಗೆ ಅಷ್ಟು ಹಸಿವಾಗುತ್ತದೆಯೇ, ಅದೂ ಒಂದು ಪ್ರಶ್ನೆ.

ಎಂಟು ಗಂಟೆಗೆ ಅವನ ಜಾಗದಲ್ಲಿ ಎರ್ಗೆಶ್ ಒಳಗೆ ಹೋದ. ನಾಲ್ಕನೆಯ ದಿನ ಜ್ವರ ಬಂತು. ಜ್ವರದ ಮೂರನೆಯ ದಿನ ರಕ್ತ ತೆಗೆದರು. ಒಳಗೆ ಹೋದ ಹದಿಮೂರನೆಯ ದಿನ ತೀರಿಕೊಂಡ. ಮಾರನೆಯ ದಿನ ಮಣ್ಣು ಮಾಡಿದರು. ಅದರ ಮಾರನೆಯ ದಿನ ಇಲ್ಗಿಜ್ ರಜೆ ಮುಗಿಸಿ ಕೆಲಸಕ್ಕೆ ಹಾಜರಾದ. ಮುಖ ಸೊರಗಿದೆ ಎಂದು ಎಲ್ಲರೂ ಅಂದರು.

ಹನ್ನೊಂದೂವರೆಗೆ ಬರ್ಚಿನ್ ಕೊನೆಯ ಆಮ್ಲ ಹಾಕುತ್ತ ಬಂದಳು. ಸಾಲು ಸಾಲಾಗಿ ಹಳದಿ. ಸೈಕಾಲ್‌ಳದು ನಿಂಬೆಹಣ್ಣಿನ ಹಾಗೆ. ಹಲ್ಲಿನ ಡಾಕ್ಟರದು, ಅಡುಗೆಯವಳದು, ನೆಲ ಒರೆಸುವ ಇಬ್ಬರದು, ಬರ್ಚಿನಳದೇ. ಎಲ್ಲರೂ ಒಂದೇ ಪಾತ್ರೆಯಿಂದ ತಿಂದು, ಒಂದೇ ಬಟ್ಟಲನ್ನು ಕೈಯಿಂದ ಕೈಗೆ ದಾಟಿಸಿ ಕುಡಿದು, ಒಂದೇ ಕೋಣೆಯಲ್ಲಿ ಮಲಗಿದವರು. ಅವರ ಬಣ್ಣವೂ ಒಂದೇ ಆಗಿತ್ತು.

ಕೊನೆಯ ಮೂರು ಗುಳಿಗಳು ನೀರಾಗಿಯೇ ಉಳಿದವು. ನಲವತ್ತೆಂಟು ಹಾಗಿರಬೇಕಾದದ್ದೇ. ನಲವತ್ತಾರು, ನಲವತ್ತೇಳು.

ಇಲ್ಗಿಜ್‌ಗೆ ಮೊದಲು ಅನ್ನಿಸಿದ್ದು ಸಂಕಟವಲ್ಲ, ಕುತೂಹಲ. ಓಹೋ, ಜಾಡಿಸಿರಲಿಲ್ಲ, ಎಂದುಕೊಂಡ. ಆಮೇಲೆ ಕಿವಿ ಬಿಸಿಯಾಯಿತು.

ಎರ್ಗೆಶನ ಗುಳಿಯಲ್ಲಿ ಅವನಿಗೆ ಆಶ್ಚರ್ಯವಿರಲಿಲ್ಲ. ಮೂರನೆಯ ದಿನದ ರಕ್ತ. ಮೈ ಪ್ರತಿಕಾಯ ತಯಾರಿಸಿಕೊಳ್ಳಲು ಎರಡನೆಯ ವಾರ ಬೇಕು. ಇದು ಪುಸ್ತಕದಲ್ಲಿ ಬರೆದಿರುವ ಮಾತು. ಪ್ರಯೋಗಾಲಯದ ಡಾಕ್ಟರು ಇಷ್ಟನ್ನೇ ಎರಡು ಸಾಲು ಬರೆದು ಸಹಿ ಮಾಡಿದರೆ, ಎಕ್ಸರೇ ಚಿತ್ರದ ಜೊತೆಗಿಟ್ಟು ಕಮಿಟಿ ಒಪ್ಪುತ್ತದೆ: ಪರೀಕ್ಷೆ ಸರಿಯಾಗಿ ನಡೆದಿದೆ, ಗುಳಿ ನೀರಾಗಿರುವುದು ರಕ್ತ ಬೇಗ ತೆಗೆದದ್ದರಿಂದ, ಕಾಯಿಲೆ ಇರಲಿಲ್ಲ ಎಂದಲ್ಲ. ಹೆಸರು ಕಲ್ಲಿನ ಮೇಲೆ ಬರುತ್ತದೆ. ಆದರೆ ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ಬರೆದರೆ ಅದು ಪಕ್ಕದ ಗುಳಿಗೂ ಸರಿಯಾಗಿಯೇ ನಡೆದಿದೆ. ಪಕ್ಕದ ಗುಳಿಯ ರಕ್ತ ನಿನ್ನೆಯದು, ಬೇಗ ತೆಗೆದದ್ದೆಂಬ ನೆಪ ಅದಕ್ಕಿಲ್ಲ.

"ಅಣ್ಣಾ," ಬರ್ಚಿನ್ ಪಿಸುಗುಟ್ಟಿದಳು. "ಎರಡಕ್ಕೆ ಬಣ್ಣ ಬಂದಿಲ್ಲ."

"ಕಾಣ್ತಾ ಇದೆ."

"ನಿಮ್ಮದು, ಎರ್ಗೆಶಣ್ಣಂದು." ಅವಳ ಮುಖ ಬಿಳಿಚಿತು. "ಇಬ್ಬರಿಗೂ ಗ್ಯಾರಂಟಿ ಬಂದಿತ್ತಲ್ಲ. ಹಂಗಾದ್ರೆ ನಾನೇ ಏನೋ ಮಾಡಿದೀನಿ. ಪಿಪೆಟ್ ಗಾಳಿ ಎಳ್ಕೊಂಡಿತ್ತಾ?"

ಅವನು ತಟ್ಟೆಯನ್ನು ಓದುವ ಯಂತ್ರದೊಳಗಿಟ್ಟ.

"ಆದ್ರೆ ನೀಲಿ ಆಗಿತ್ತಲ್ಲ? ನಾನು ನೋಡ್ದೆ ಅಂತ ಕಾಣುತ್ತೆ. ನಿಮ್ಮದು ಆದಾಗ ನೀವು ಎದ್ದು ಬಗ್ಗಿ ನೋಡಿದ್ರಿ. ಆಗಿತ್ತಾ ಅಣ್ಣಾ, ನೀಲಿ?"

ಕಿಟಕಿಯಾಚೆ ಆಸ್ಪತ್ರೆಯ ಡ್ರೈವರು ಕಾರಿನ ಗಾಜು ಒರೆಸುತ್ತಿದ್ದ. ಇಲ್ಗಿಜ್ ಅವನನ್ನು ಸ್ವಲ್ಪ ಹೊತ್ತು ನೋಡಿದ.

"ಆಗಿರಲಿಲ್ಲ," ಎಂದ. "ಎರಡೂ ನೇರಳೆಯಾಗೇ ಇತ್ತು. ನಿಧಾನಕ್ಕೆ ಆಗುತ್ತೇನೋ ಅಂತ ಸುಮ್ಮನಿದ್ದೆ."

ಅಷ್ಟು ಸುಲಭವಾಗಿ ಬಂದೀತೆಂದು ಅವನು ಅಂದುಕೊಂಡಿರಲಿಲ್ಲ. ಬರ್ಚಿನ್ ಸ್ಟೂಲಿನ ಮೇಲೆ ಕುಸಿದಳು. ತನ್ನ ಬಲಗೈಯನ್ನು ಎತ್ತಿ, ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡಳು.

"ಐದು ವರ್ಷದಲ್ಲಿ ಒಂದು ಸಲ ತಪ್ಪಿಲ್ಲ ಅಣ್ಣಾ ನಾನು. ಒಂದು ಸಲ. ನಿಮ್ಮದಾದ್ರೂ ಇನ್ನೊಂದು ಸಲ ತೆಗೀಬಹುದು. ಅವರದು ಎಲ್ಲಿಂದ ತರಲಿ?"

"ಯಾರಿಗೂ ಆಗುತ್ತೆ ಬಿಡು."

"ನಂಗೆ ಆಗಬಾರದಿತ್ತು. ಇದರಲ್ಲಿ ಆಗಬಾರದಿತ್ತು."

"ಅಳಬೇಡ," ಎಂದ ಇಲ್ಗಿಜ್. ಅವಳು ಇನ್ನೂ ಅಳುತ್ತಿರಲಿಲ್ಲ. ಅವನು ಹಾಗೆಂದ ಮೇಲೆ ಅತ್ತಳು.

ಓದುವ ಯಂತ್ರ ಚೀಟಿ ಹೊರಹಾಕಿತು. ಅವನು ಪಟ್ಟಿ ಬರೆದ. ನಲವತ್ತೈದು ಹೆಸರುಗಳ ಮುಂದೆ 'ಇದೆ'. ಕೊನೆಯ ಎರಡರ ಮುಂದೆ 'ಮಾದರಿ ಸಾಲದು'. ತನ್ನ ಹೆಸರೂ ಎರ್ಗೆಶನ ಹೆಸರೂ ಒಂದರ ಕೆಳಗೊಂದು, ಒಂದೇ ಮಾತು ಹೊತ್ತುಕೊಂಡು ನಿಂತದ್ದು ನೋಡಲು ಅಚ್ಚುಕಟ್ಟಾಗಿತ್ತು.

ದೊಡ್ಡ ಡಾಕ್ಟರು ಫೋನ್ ಮಾಡಿದರು.

"ಎರ್ಗೆಶಂದು ಏನಾಯ್ತು?"

"ಸ್ವಲ್ಪ ತೊಂದರೆ ಇದೆ."

"ಇದೆಯೋ ಇಲ್ಲವೋ?"

"ಮಾದರಿ ಸಾಲಲಿಲ್ಲ."

ಆ ಕಡೆ ನಿಟ್ಟುಸಿರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವುದರಲ್ಲಿ ದೊಡ್ಡ ಡಾಕ್ಟರು ನಿಸ್ಸೀಮರು. "ನೋಡು ತಮ್ಮಾ, ನಾನು ಹೀಗೆ ಬರಿ ಅಂತ ಹೇಳಲ್ಲ, ಹಾಗೆ ಬರೀಬೇಡ ಅಂತಲೂ ಹೇಳಲ್ಲ. ಕಮಿಟಿ ಫಾರಂಗೆ ನಾನು ಸಹಿ, ಮೊಹರು ಎಲ್ಲ ಹಾಕಿ ನಿನ್ನ ಮೇಜಿಗೆ ಕಳಿಸಿದೀನಿ. ಇದ್ದದ್ದು ಒಂದೇ ಫಾರಂ, ಹಾಳು ಮಾಡಬೇಡ. 'ಪ್ರಯೋಗಾಲಯದ ಅಭಿಪ್ರಾಯ' ಅಂತ ಒಂದು ಚೌಕ ಇದೆ. ನಿನಗೆ ತೋಚಿದ್ದು ಬರಿ. ಆರು ಗಂಟೆಗೆ ಕಾರು ಹೊರಡುತ್ತೆ. ಇವತ್ತು ಹೋಗದಿದ್ದರೆ ಕಲ್ಲು ಕೆತ್ತೋನು ಕಾಯಲ್ಲ."

ಫಾರಂ ಬಂತು. ಚೌಕ ಅಂಗೈಯಷ್ಟಿತ್ತು. ಅದನ್ನು ಪಟ್ಟಿಯ ಮೇಲಿಟ್ಟು, ಮೇಲೆ ಪೆನ್ನಿಟ್ಟು, ಇಲ್ಗಿಜ್ ಕೈ ತೊಳೆದುಕೊಂಡ.

ಎರ್ಗೆಶನ ಮನೆ ನಾಲ್ಕು ಬೀದಿ ಆಚೆ, ಕಾಲುವೆಯ ಪಕ್ಕ. ಬಾಗಿಲಲ್ಲೇ ಹೆಂಗಸರು ದೊಡ್ಡ ಬಾಣಲೆಯಲ್ಲಿ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದರು. ಕಾದ ಎಣ್ಣೆಯ ವಾಸನೆ ಸತ್ತವರಿಗೆ ಮುಟ್ಟಬೇಕು. ಅವರಿಗೆ ಮುಟ್ಟುವುದು ಅದೊಂದೇ ಎಂದು ನಂಬಿಕೆ.

ಸೈಕಾಲ್ ಬಾಣಲೆಯ ಮುಂದೆ ನಿಂತು ಮಾಸ್ಕ್ ಇಳಿಸಿ ಜೋರಾಗಿ ಉಸಿರೆಳೆದುಕೊಂಡಳು.

"ಇಲ್ಲ," ಎಂದಳು. "ಎರ್ಗೆಶಣ್ಣಂಗೆ ಗುಡ್ಡದ ಮೇಲಕ್ಕೆ ಹೋಗುತ್ತೆ. ನನಗೆ ಇಲ್ಲಿಂದ ಇಲ್ಲಿಗೆ ಬರಲ್ಲ ನೋಡಿ."

ಹೆಂಗಸರು ನಕ್ಕರು. ಇಲ್ಗಿಜ್‌ಗೆ ವಾಸನೆ ಚೆನ್ನಾಗಿ ಬರುತ್ತಿತ್ತು. ಎಣ್ಣೆ, ಒಳಗೆ ಬೇಯುತ್ತಿದ್ದ ಕುರಿ ಮಾಂಸ, ಜರ್ದಾಳು ಮರದ ಕೆಳಗೆ ಕೊಳೆಯುತ್ತಿದ್ದ ಹಣ್ಣು, ಎಲ್ಲವೂ ಬೇರೆ ಬೇರೆಯಾಗಿ ಬರುತ್ತಿತ್ತು. ಜುಲೈಯಲ್ಲೂ ಬರುತ್ತಿತ್ತು. ಹುರಿದ ಮೊಟ್ಟೆಯ ವಾಸನೆ ಬಂದಿತ್ತು.

ಬುರುಲ್ ಎದುರಿಗೆ ಬಂದಳು. ದಪ್ಪ ಗೆಣ್ಣುಗಳ, ಅಗಲ ಮುಖದ ಹೆಂಗಸು. ನಲವತ್ತು ದಿನದಲ್ಲಿ ಕುಗ್ಗಿರಲಿಲ್ಲ, ಗಟ್ಟಿಯಾಗಿದ್ದಳು. ಮೂವರ ಕೈಗಳನ್ನೂ ಒಂದೊಂದಾಗಿ ನೋಡಿದಳು, ಕಾಗದ ಇದೆಯೇ ಎಂದು.

ಇಲ್ಗಿಜ್ ಬಾಯಿ ತೆರೆಯುವ ಮೊದಲೇ ಬರ್ಚಿನ್ ಮುಂದೆ ನುಗ್ಗಿದಳು.

"ಅಕ್ಕಾ, ನಾನು ಹಾಳು ಮಾಡಿದೆ. ಅಣ್ಣನ ರಕ್ತ ಗುಳಿಗೆ ಬೀಳಲೇ ಇಲ್ಲ. ನನ್ನ ಕೈ ತಪ್ಪಿತು ಅಕ್ಕಾ. ಇನ್ನೊಂದು ಹನಿನೂ ಇಲ್ಲ. ನನಗೆ ಬಯ್ಯಿ. ಹೊಡಿ ಬೇಕಾದ್ರೆ."

ಸೈಕಾಲ್ ಬೆಚ್ಚಿ ಇಲ್ಗಿಜ್‌ನ ಮುಖ ನೋಡಿದಳು. ಅವನು ಕಾಲುವೆಯ ಕಡೆ ನೋಡುತ್ತಿದ್ದ. ಈಗಲೂ ಹೇಳಬಹುದಿತ್ತು. ಮೂರೇ ಮಾತು: ನೀಲಿ ಆಗಿತ್ತು, ಬರ್ಚಿನ್. ಅವನು ಆ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿದ, ಸರಿಯಾಗಿವೆಯೇ ಎಂದು ಒಮ್ಮೆ ಓದಿಕೊಂಡ, ಅಷ್ಟರಲ್ಲಿ ಬುರುಲ್ ಹುಡುಗಿಯನ್ನು ಎದೆಗೆ ಒತ್ತಿಕೊಂಡಿದ್ದಳು.

"ಸಾಕು, ಸುಮ್ಮನಿರೇ. ನೀನು ನಿಮ್ಮಮ್ಮನ್ನ ಕಳ್ಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಕೈ ನಡುಗದೆ ಇರುತ್ತಾ? ಕಲ್ಲಿನ ಮೇಲೆ ಹೆಸರಿಲ್ಲದಿದ್ರೆ ಅವರೇನು ಎದ್ದು ಬಂದು ಕೇಳ್ತಾರಾ? ಮುಖ ತೊಳ್ಕೊಂಡು ಒಳಗೆ ಬಾ." ಹಾಗೆನ್ನುತ್ತಿದ್ದಾಗ ಅವಳ ಮುಖದಲ್ಲಿ ಏನೋ ಇಳಿದುಹೋದದ್ದು ಇಲ್ಗಿಜ್‌ಗೆ ಕಂಡಿತು. ಕಾಣದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಒಳಗೆ ಗಂಡಸರ ಸಾಲಿನಲ್ಲಿ ಅವನಿಗೆ ಜಾಗ ಮಾಡಿಕೊಟ್ಟರು. ಪ್ರಾರ್ಥನೆ ಮುಗಿಯಿತು. ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು, ಅವನೂ ಸವರಿಕೊಂಡ. ಮಾಂಸದ ಹರಿವಾಣ ಬಂತು.

ಯಾವ ಮೂಳೆ ಯಾರಿಗೆ ಎಂಬುದು ಗೊತ್ತಿರುವ ವಿಷಯ. ಕೂತ ಸಾಲು ನೋಡಿದರೆ ಸಾಕು, ಕಣ್ಣು ಮುಚ್ಚಿ ಬಡಿಸಬಹುದು. ಹಿರಿಯನಿಗೆ ಸೊಂಟದ ಮೂಳೆ, ಆಮೇಲಿನವರಿಗೆ ತೊಡೆ, ಇಲ್ಗಿಜ್‌ನ ವಯಸ್ಸಿನವರಿಗೆ ಮುಂಗಾಲು. ಆಸ್ಪತ್ರೆಯ ಊಟಗಳಲ್ಲಿ ಸೊಂಟದ ಮೂಳೆ ಹನ್ನೆರಡು ವರ್ಷದಿಂದ ಎರ್ಗೆಶನದು. ಅದನ್ನು ಎತ್ತಿ ಹಿಡಿದು ಅವನು ಪ್ರತಿ ಸಲವೂ ಎಕ್ಸರೇ ಓದುವ ದನಿಯಲ್ಲಿ 'ಮುರಿತ ಇಲ್ಲ, ರೋಗಿ ಮಾತ್ರ ಬದುಕಿಲ್ಲ' ಎನ್ನುತ್ತಿದ್ದ. ಎಲ್ಲರೂ ಪ್ರತಿ ಸಲವೂ ನಗುತ್ತಿದ್ದರು. ಇಲ್ಗಿಜ್ ಒಬ್ಬನಿಗೆ ಅದು ಹಳಸಲು ಹಾಸ್ಯ ಅನ್ನಿಸುತ್ತಿತ್ತು.

ಬುರುಲ್ ತಾನೇ ಬಡಿಸಲು ಬಂದಳು. ಸೊಂಟದ ಮೂಳೆಯನ್ನು ತಟ್ಟೆಗೆ ಹಾಕಿ ಇಲ್ಗಿಜ್‌ನ ಮುಂದಿಟ್ಟಳು.

ಹಲ್ಲಿನ ಡಾಕ್ಟರು ಗಡ್ಡ ಕೆರೆದುಕೊಂಡರು. ಅವರಿಗೆ ಐವತ್ತೆಂಟು.

"ಅಕ್ಕ, ತಪ್ಪಾಯ್ತು," ಎಂದ ಇಲ್ಗಿಜ್. "ಇದು ನನ್ನದಲ್ಲ."

"ಗೊತ್ತು. ಅವರದು."

"ಹಿರಿಯರಿದ್ದಾರೆ."

"ಅವರ ಜಾಗದಲ್ಲಿ ಯಾರಾದರೂ ತಿನ್ನಬೇಕಲ್ಲ. ಅವರು ನಿನ್ನ ಜಾಗದಲ್ಲಿ ಹೋಗಿದ್ದರು, ನೀನು ಅವರ ಜಾಗದಲ್ಲಿ ತಿನ್ನು. ಸರಿಹೋಯ್ತು." ಅವಳು ಚುಚ್ಚುತ್ತಿದ್ದಾಳೆಯೇ ಎಂದು ಅವನು ಮುಖವೆತ್ತಿ ಹುಡುಕಿದ. ಚುಚ್ಚುತ್ತಿರಲಿಲ್ಲ. ಸಾರು ಸೋರದಂತೆ ನೋಡಿಕೊಳ್ಳುವ ಹೆಂಗಸಿನ ಗಮನ ಮಾತ್ರ ಅವಳಲ್ಲಿತ್ತು.

ಅವನು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. ಮೂಳೆಯನ್ನು ಮುಟ್ಟಲಾಗಲಿಲ್ಲ. ಅದರ ಕೊಬ್ಬು ನಿಧಾನವಾಗಿ ಬೆಳ್ಳಗೆ ಹೆಪ್ಪುಗಟ್ಟುವುದನ್ನು ನೋಡುತ್ತ ಕೂತ. ಆಚೀಚೆಯವರು ಜುಲೈಯ ಮಾತಾಡುತ್ತಿದ್ದರು: ಯಾರು ಎಲ್ಲಿ ಬಿದ್ದರು, ಯಾರು ಯಾರಿಗೆ ಮದ್ದೆಂದು ನಾಯಿಯ ಕೊಬ್ಬು ಕರಗಿಸಿ ಕುಡಿಸಿದರು, ಆಮ್ಲಜನಕದ ಒಂದೇ ಕೊಳವೆಗೆ ಇಬ್ಬರು ಹೇಗೆ ಜಗಳವಾಡಿದರು. ನಗುತ್ತಿದ್ದರು. ಅವನೂ ಸರಿಯಾದ ಜಾಗದಲ್ಲಿ ನಕ್ಕ. ಆ ತಿಂಗಳು ಇವರೆಲ್ಲ ಒಂದೂರಿಗೆ ಹೋಗಿ ಬಂದಿದ್ದರು, ಅವನು ಆ ಊರಿನ ಹೆಸರು ಮಾತ್ರ ಬಲ್ಲವನಾಗಿದ್ದ.

ನಾಲ್ಕೂವರೆಗೆ ಎದ್ದರು. ತಿನ್ನದೆ ಬಿಟ್ಟ ಪಾಲನ್ನು ಮನೆಗೆ ಒಯ್ಯಬೇಕು, ಬಿಟ್ಟು ಹೋದರೆ ಮನೆಯವರಿಗೆ ಅವಮಾನ. ಬುರುಲ್ ಮೂಳೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆಗಷ್ಟೇ ಕರಿದ ನಾಲ್ಕು ಬಿಸಿ ತುಂಡು ಸೇರಿಸಿ, ಬಾಗಿಲವರೆಗೂ ಬಂದಳು. ಸೈಕಾಲ್ ಮತ್ತು ಬರ್ಚಿನ್ ಮುಂದೆ ಹೋಗಿದ್ದರು.

"ಮುಟ್ಟೇ ಇಲ್ಲ ನೀನು."

"ಹೊಟ್ಟೆ ಸರಿಯಿಲ್ಲ ಅಕ್ಕ."

"ಹುಂ." ಅವಳು ಚೀಲದ ಬಾಯಿ ಕಟ್ಟುತ್ತಿದ್ದಳು. "ಆ ಹುಡುಗಿಗೆ ಇನ್ನು ಏನೂ ಅನ್ನಬೇಡಿ. ಪಾಪ. ನಿನ್ನದೂ ಕೆಟ್ಟೋಯ್ತಂತೆ?"

"ಹೌದು. ಎರಡೂ."

"ನಿನ್ನದರಿಂದ ಏನಾಗಬೇಕಿತ್ತು ಬಿಡು." ಗಂಟು ಸರಿಯಾಗಿ ಬೀಳಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದಳು. "ಅವತ್ತು ಬೂಟು ಹಾಕ್ಕೊಳ್ತಾ ಹೇಳಿದ್ರು. 'ಇಲ್ಗಿಜ್‌ಗೆ ಜ್ವರ ಗಿರ ಏನಿಲ್ಲ ಕಣೆ, ಭಯ ಬಿದ್ದಿದಾನೆ. ಇರಲಿ, ಭಯಾನೂ ಒಂದು ಕಾಯಿಲೇನೇ. ಹೆದರಿದೋನ್ನ ಒಳಗೆ ಬಿಟ್ಟರೆ ನಾಲ್ಕು ಜನಕ್ಕೆ ಅಂಟಿಸ್ತಾನೆ. ಯಾರ ಹತ್ರಾನೂ ಅನ್ನಬೇಡ, ಓದಿದ ಹುಡುಗ, ಮನಸ್ಸಿಗೆ ಹಚ್ಕೊಳ್ತಾನೆ.' ನಗ್ತಾ ಹೋದ್ರು. ನಾನು ಯಾರ ಹತ್ರಾನೂ ಅಂದಿಲ್ಲ."

ಕಾಲುವೆಯ ನೀರು ಸದ್ದು ಮಾಡುತ್ತಿತ್ತು.

"ನನಗೆ ಜ್ವರ ಇತ್ತು ಅಕ್ಕ," ಎಂದ ಇಲ್ಗಿಜ್. "ಮೂವತ್ತೇಳು ಪಾಯಿಂಟ್ ನಾಲ್ಕು."

"ಇದ್ದಿರಬಹುದು. ನಾನೇನು ಡಾಕ್ಟರಾ?" ಎಂದು ಬುರುಲ್ ಚೀಲವನ್ನು ಅವನ ಕೈಗಿತ್ತಳು. ಅದು ಇನ್ನೂ ಬೆಚ್ಚಗಿತ್ತು.

ದಾರಿಯಲ್ಲಿ ಅವನು ನೇರವಾಗಿ ಮನೆಗೆ ಹೋಗಬಹುದಿತ್ತು. ಆಸ್ಪತ್ರೆಗೆ ಹೋದ. ಪ್ರಯೋಗಾಲಯ ಖಾಲಿಯಿತ್ತು. ಬರ್ಚಿನ್ ಬಂದು ಹೋಗಿದ್ದಳು: ಪಿಪೆಟ್ಟನ್ನು ಬಿಚ್ಚಿ, ಭಾಗಗಳನ್ನೆಲ್ಲ ತೊಳೆದು, ಬಿಳಿ ಬಟ್ಟೆಯ ಮೇಲೆ ಹರಡಿಟ್ಟಿದ್ದಳು, ದೋಷ ಎಲ್ಲಿದೆ ಎಂದು ಹುಡುಕುವುದಕ್ಕೆ. ಇಲ್ಗಿಜ್ ಚೀಲವನ್ನು ಮೇಜಿನ ಮೇಲಿಟ್ಟು ಕಿಟಕಿ ತೆರೆದ. ತಟ್ಟೆ ಇನ್ನೂ ಅಲ್ಲೇ ಇತ್ತು. ಇಳಿಬಿಸಿಲಿಗೆ ಹಿಡಿದು ನೋಡಿದ. ನಲವತ್ತೈದು ಹಳದಿ. ತನ್ನದೂ ಎರ್ಗೆಶನದೂ ಅಕ್ಕಪಕ್ಕದಲ್ಲಿ ಒಂದೇ ಥರ ತಿಳಿಯಾಗಿದ್ದವು. ಯಾವುದು ಯಾರದೆಂದು ಸಂಖ್ಯೆ ನೋಡಿಯೇ ಹೇಳಬೇಕು.

ಬುರುಲ್‌ಗೆ ಗೊತ್ತಿತ್ತು. ಎರ್ಗೆಶನಿಗೆ ಗೊತ್ತಿತ್ತು. ಬಹುಶಃ ಸೈಕಾಲ್‌ಗೂ. ಹಾಗಾದರೆ ಬೆಳಿಗ್ಗೆ ತಾನು ಯಾರಿಂದ ಏನನ್ನು ಮುಚ್ಚಿಟ್ಟೆ? ಲೆಕ್ಕ ಹಾಕಿದರೆ ಮುಚ್ಚಿಟ್ಟದ್ದು ಬರ್ಚಿನಳೊಬ್ಬಳಿಂದ. ಅದಕ್ಕೆ ಬೆಲೆಯಾಗಿ ಅವಳು ಕೊಟ್ಟದ್ದು ತನ್ನ ಕೈಯ ಮೇಲಿನ ನಂಬಿಕೆ.

ಇನ್ನು ಕಷ್ಟವೇನೂ ಉಳಿದಿರಲಿಲ್ಲ. ಅದನ್ನು ಅರ್ಥ ಮಾಡಿಕೊಂಡಾಗ ಅವನಿಗೆ, ಜುಲೈಯ ಆ ಬೆಳಿಗ್ಗೆ ಆದಂತೆಯೇ, ಮೈ ಹಗುರವಾಯಿತು. ವಾಕ್ಯಗಳು ತಾವಾಗಿ ಬಂದವು: 'ಎಲ್ಲ ಮಾದರಿಗಳನ್ನೂ ಸರಿಯಾಗಿ ಪರೀಕ್ಷಿಸಲಾಗಿದೆ. ನಲವತ್ತೇಳನೆಯದು ಕಾಯಿಲೆಯ ಮೂರನೆಯ ದಿನದ ರಕ್ತ. ಅಷ್ಟರಲ್ಲಿ ಪ್ರತಿಕಾಯ ಹುಟ್ಟುವುದಿಲ್ಲ.' ಎರಡೇ ಸಾಲು. ಐದೂ ಐವತ್ತು. ಕೆಳಗೆ ಡ್ರೈವರು ಎಂಜಿನ್ ಶುರು ಮಾಡಿದ.

ಇಲ್ಗಿಜ್ ಕೂತು, ಚೀಲವನ್ನು ಪಕ್ಕಕ್ಕೆ ಸರಿಸಿದ.

ಮೂಳೆಯ ಮೂತಿ ಚೀಲವನ್ನು ತೂತು ಮಾಡಿತ್ತು. ಕೊಬ್ಬು ಫಾರಂನ ಮೇಲೆ ಇಳಿದು ಹರಡಿತ್ತು, ಸರಿಯಾಗಿ ಚೌಕದ ಮೇಲೆ. ಅಷ್ಟಗಲ ಕಾಗದ ಗಾಜಿನಂತಾಗಿ, ಅಡಿಯಲ್ಲಿದ್ದ ಪಟ್ಟಿಯ ಕೊನೆಯ ಎರಡು ಹೆಸರುಗಳು ಅದರೊಳಗಿಂದ ಕಾಣುತ್ತಿದ್ದವು. ಮೇಜಿನ ಮೇಲೆ ಇಡಲು ಬೇಕಾದಷ್ಟು ಜಾಗವಿತ್ತು. ತಾನು ಚೀಲವನ್ನು ಇಲ್ಲೇ ಇಟ್ಟೆನೇ ಎಂದು ನೆನಪಿಸಿಕೊಳ್ಳಲು ನೋಡಿದ. ಇಟ್ಟ ಕೈಯ ನೆನಪು ಸಿಗಲಿಲ್ಲ.

ಪೆನ್ನು ಎತ್ತಿ ಚೌಕದೊಳಗೆ 'ಎಲ್ಲ' ಎಂದು ಬರೆದ. ಪೆನ್ನು ಜಾರಿತು, ಶಾಯಿ ಹತ್ತಲಿಲ್ಲ. ಒತ್ತಿ ಬರೆದ. ಅಂಗಿಯ ತುದಿಯಿಂದ ಪೆನ್ನಿನ ಮೂತಿ ಒರೆಸಿ, ಇನ್ನೂ ಒತ್ತಿ ಬರೆದ.

ಕೆಳಗೆ ಕಾರು ಹಾರ್ನ್ ಹೊಡೆಯಿತು.

ಫಾರಂನ ಎಡಕ್ಕೂ ಬಲಕ್ಕೂ ಎರಡೆರಡು ಬೆರಳಿನಷ್ಟು ಒಣ ಅಂಚಿತ್ತು. ಎರಡು ಸಾಲಿಗೆ ಧಾರಾಳವಾಗಿ ಸಾಕು. ಅದು ಅವನಿಗೆ ಕಾಣುತ್ತಿತ್ತು. ಕಾಣುತ್ತಿದ್ದಂತೆಯೇ ಅವನು ಚೌಕದೊಳಗೇ ಬರೆಯುತ್ತ ಹೋದ: ಸರಿಯಾಗಿ, ಪರೀಕ್ಷಿಸಲಾಗಿದೆ, ಮೂರನೆಯ ದಿನ. ಒಂದೊಂದು ಅಕ್ಷರವನ್ನೂ ದುಂಡಗೆ, ಎಲ್ಲೂ ತಪ್ಪಿಲ್ಲದೆ ಬರೆದ. ಕಾಗದದ ಮೇಲೆ ಬಣ್ಣವಿಲ್ಲದ ಗೆರೆಗಳು ಬಿದ್ದವು. ಹಾರ್ನ್ ಇನ್ನೊಮ್ಮೆ ಹೊಡೆಯಿತು, ಮೆಟ್ಟಿಲ ಮೇಲೆ ಡ್ರೈವರನ ಬೂಟಿನ ಸದ್ದು ಕೇಳತೊಡಗಿತು, ಇಲ್ಗಿಜ್ ತಲೆಯೆತ್ತದೆ ಬರೆಯುತ್ತಲೇ ಇದ್ದ.